ಬೇಸಿಗೆಯ ಎರಡು ತಿಂಗಳು ಮತ್ತು ನಮ್ಮೂರಿನ ನೀರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸ ಹೇಗೆ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಪ್ಪ ಎಂದು ಹಲವರು ನನಗೆ ಹೇಳಿದ್ದರು. ಅದನ್ನು ಹೇಳುವವರು ಈಗ ಪ್ರತಿ ಮನೆಯ ಮೊಬೈಲಿನಲ್ಲೂ ಇದ್ದಾರೆ. ಯಾರೂ ಬಂದು ಹೇಳದ ಒಂದು ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಪದವಿ ಓದುವ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕುಳಿತು ಸಂಶೋಧನೆ ಮಾಡುವ ಅವಕಾಶ ನಮ್ಮ ದೇಶದಲ್ಲಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಅವರೇ ಭತ್ಯೆ ಕೊಡುತ್ತಾರೆ. ಪಾವಗಡ ತಾಲ್ಲೂಕಿನ ನಮ್ಮಂಥ ಊರಿನ ಮಕ್ಕಳಿಗೆ ಅಲ್ಲಿ ಹೋಗಿ ಕೇಳುವುದಕ್ಕೆ ಒಂದು ಪ್ರಶ್ನೆಯೂ ಇದೆ. ಆ ಪ್ರಶ್ನೆ ನಮ್ಮ ನೀರು.

ನೀರಿನ ಮಾತು ನಿಮಗೆ ಹೊಸದಲ್ಲ. ಈ ಶಾಲೆಯ ಹಳೆಯ ಗುಂಪು ಫೋಟೋಗಳಲ್ಲಿ ಬಾಯಿ ತೆರೆದು ನಕ್ಕವರು ಕಡಿಮೆ. ಹಲ್ಲಿನ ಮೇಲೆ ಕಂದು ಪಟ್ಟಿ ಇದ್ದವರು ತುಟಿ ಬಿಗಿದುಕೊಂಡೇ ನಿಂತಿರುತ್ತಾರೆ. ಅದು ಹಲ್ಲು ಉಜ್ಜದ ಕೊಳೆಯಲ್ಲ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನ ಫ್ಲೋರೈಡ್ ಬಿಟ್ಟುಹೋದ ಗುರುತು. ವರ್ಷಗಟ್ಟಲೆ ಹೆಚ್ಚು ಕುಡಿದವರ ಮೂಳೆ ಕೀಲುಗಳೂ ಬಿಗಿಯುತ್ತವೆ. ಇದು ನೀರಿನಿಂದ ಬರುವ ಕಾಯಿಲೆ ಎಂದು ಭಾರತದಲ್ಲಿ ಮೊದಲು ವೈದ್ಯರು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಇರುವ ಕಲ್ಲಿನ ಜೊತೆ ಹೆಚ್ಚು ಕಾಲ ನಿಂತ ನೀರು ಮೇಲೆ ಬರುತ್ತದೆ. ತಾಯಂದಿರು ಒಂದು ಮಾತು ನೆನಪಿಡಿ: ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ನಾನು ಬಿ.ಇ. ಓದಿದ್ದು ಇನ್‌ಸ್ಟ್ರುಮೆಂಟೇಶನ್, ಎಂದರೆ ಅಳೆಯುವ ಯಂತ್ರಗಳ ಶಾಸ್ತ್ರ. ಮೂರನೇ ವರ್ಷ ಮುಗಿದ ಮೇಲೆ, 2009ರ ಬೇಸಿಗೆಯಲ್ಲಿ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ನಲ್ಲಿ ಬೆಂಗಳೂರಿನ ಒಂದು ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಹೋದೆ. ಅರ್ಜಿಯ ಜೊತೆ ಯಾವ ವಿಷಯದಲ್ಲಿ ಆಸಕ್ತಿ, ಏಕೆ ಎಂದು ಚಿಕ್ಕದಾಗಿ ಬರೆದು ಕೊಡಬೇಕಿತ್ತು. ನಾನು ಬರೆದದ್ದು ನಮ್ಮೂರಿನ ಹಲ್ಲಿನ ಬಗ್ಗೆ. ಅಂಕಪಟ್ಟಿಯಲ್ಲಿ ನನಗಿಂತ ಮುಂದಿದ್ದವರು ಕಾಲೇಜಿನಲ್ಲಿ ಬಹಳ ಮಂದಿ ಇದ್ದರು. ಅವರ ಹತ್ತಿರ ಈ ಪ್ರಶ್ನೆ ಇರಲಿಲ್ಲ.

ಅಲ್ಲಿ ಮೊದಲ ವಾರ ಮಾಡಿದ ಕೆಲಸ ಬಾಟಲಿ ತೊಳೆಯುವುದು. ಫ್ಲೋರೈಡ್ ಗಾಜಿನೊಡನೆ ಬೆರೆಯುವ ಗುಣದ್ದು, ಆದ್ದರಿಂದ ಅದರ ದ್ರಾವಣಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಬೇಕು. ಆಮೇಲೆ ಫ್ಲೋರೈಡ್ ಎಲೆಕ್ಟ್ರೋಡ್ ಕೈಗೆ ಕೊಟ್ಟರು. ಅದರ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡ್ ಎಂಬ ಹರಳು. ನೀರಿನಲ್ಲಿ ಅದ್ದಿದರೆ ಫ್ಲೋರೈಡ್ ಎಷ್ಟಿದೆ ಎನ್ನುವುದಕ್ಕೆ ತಕ್ಕಂತೆ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಫ್ಲೋರೈಡ್ ಹತ್ತು ಪಟ್ಟಾದರೆ ವೋಲ್ಟೇಜ್ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಕೇಳಲು ಸುಲಭ. ಆದರೆ ಅಂಕಿ ಕೂಡಲೇ ನಿಲ್ಲುವುದಿಲ್ಲ, ಜಾರುತ್ತಾ ಹೋಗುತ್ತದೆ. ಯಾವ ಕ್ಷಣದಲ್ಲಿ ಅದನ್ನು ಬರೆದುಕೊಳ್ಳಬೇಕು? ಪ್ರತಿ ಸೆಕೆಂಡಿನ ಅಂಕಿ ಬರೆದಿಟ್ಟು, ನಿಂತಿತೋ ಇಲ್ಲವೋ ಎಂದು ಹೇಳುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸ್ವಂತಕ್ಕೆ ಬೇಕು ಎಂದು ನಾನು ಬರೆದ ಮೊದಲ ಪ್ರೋಗ್ರಾಂ ಅದೇ. ಇವತ್ತು ನನ್ನ ಅನ್ನದ ದಾರಿ ಅಲ್ಲಿಂದ ಶುರುವಾಯಿತು. ಊರಿನಿಂದ ತರಿಸಿಕೊಂಡ ನಮ್ಮ ಬೀದಿಯ ನಲ್ಲಿಯ ನೀರನ್ನೂ ಅಳೆದೆ. 1.5 ದಾಟಿತ್ತು. ಅಜ್ಜಿಯ ಕಾಲದಿಂದ 'ಸವಳು ನೀರು' ಎಂದು ಕರೆಯುತ್ತಿದ್ದುದಕ್ಕೆ ಅವತ್ತು ಒಂದು ಅಂಕಿ ಸಿಕ್ಕಿತು. ಅಂಕಿ ಸಿಕ್ಕಿದ ಮೇಲೆ ಗ್ರಾಮ ಪಂಚಾಯಿತಿಯಲ್ಲಿ ಮಾತಾಡುವ ಧ್ವನಿಯೇ ಬೇರೆ.

ಈ ಎಲೆಕ್ಟ್ರೋಡ್ ರಾಸಾಯನಿಕ ಸೆನ್ಸರ್. ಅದೇ ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನವರು ಮಾಡುತ್ತಿದ್ದದ್ದು ಬಯೋಸೆನ್ಸರ್. ಹೆಸರು ಕೇಳಿ ಹೆದರಬೇಡಿ, ಅದು ನಿಮ್ಮ ಮನೆಯಲ್ಲೇ ಇದೆ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ಒಂದು ಹನಿ ರಕ್ತ ಮುಟ್ಟಿಸುವ ಪಟ್ಟಿ ಬಯೋಸೆನ್ಸರೇ. ಅದರೊಳಗೆ ಸಕ್ಕರೆಯನ್ನು ಮಾತ್ರ ಗುರುತಿಸುವ ಕಿಣ್ವವೊಂದಿದೆ. ಅದು ಸಕ್ಕರೆಯ ಜೊತೆ ಕೆಲಸ ಮಾಡಿದಾಗ ಹುಟ್ಟುವ ವಿದ್ಯುತ್ತನ್ನು ಯಂತ್ರ ಅಂಕಿಯಾಗಿ ತೋರಿಸುತ್ತದೆ. ಜೀವಿಯಿಂದ ಬಂದ ವಸ್ತು ಗುರುತು ಹಿಡಿಯುತ್ತದೆ, ಯಂತ್ರ ಅದನ್ನು ಅಳೆಯುತ್ತದೆ. ಬಯೋಸೆನ್ಸರ್ ಎಂದರೆ ಇಷ್ಟೇ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಅವರ ಸಹೋದ್ಯೋಗಿ ಈ ಉಪಾಯವನ್ನು ಮೊದಲು ಬರೆದರು.

ಇದೇ ಉಪಾಯ ಹೊಲಕ್ಕೂ ಬರುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಹುಳುವಿನ ನರದಲ್ಲಿರುವ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಔಷಧಿ ಹೊಡೆಯುವ ರೈತನ ಮೈಯಲ್ಲೂ ಅದೇ ಕಿಣ್ವವಿದೆ, ಅಲ್ಲೂ ಅದೇ ಆಗುತ್ತದೆ. ಆ ಕಿಣ್ವವನ್ನೇ ಒಂದು ಪಟ್ಟಿಯ ಮೇಲೆ ಕೂರಿಸಿ ನೀರಿನ ಹನಿ ಹಾಕಿದರೆ, ಕಿಣ್ವದ ಕೆಲಸ ಎಷ್ಟು ನಿಧಾನವಾಯಿತು ಎನ್ನುವುದರಿಂದ ನೀರಿನಲ್ಲಿ ವಿಷ ಎಷ್ಟಿದೆ ಎಂದು ತಿಳಿಯಬಹುದು. ನಮ್ಮನ್ನು ಕೊಲ್ಲುವ ದಾರಿಯೇ ನಮ್ಮನ್ನು ಎಚ್ಚರಿಸುವ ದಾರಿಯೂ ಆಗುತ್ತದೆ.

ಹಾಗಾದರೆ ಫ್ಲೋರೈಡಿಗೆ ಬಯೋಸೆನ್ಸರ್ ಇಲ್ಲವೇ? ಇದೆ. ಕೆಲವು ಬ್ಯಾಕ್ಟೀರಿಯಾಗಳು ಫ್ಲೋರೈಡ್ ಹೆಚ್ಚಾಗಿದ್ದನ್ನು ಗುರುತಿಸಿ ಅದನ್ನು ಹೊರದಬ್ಬುವ ಏರ್ಪಾಡು ಮಾಡಿಕೊಳ್ಳುತ್ತವೆ. ಆ ಗುರುತಿಸುವ ಆರ್‌ಎನ್‌ಎ ತುಣುಕನ್ನು ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ತಂಡ 2012ರಲ್ಲಿ ಪ್ರಕಟಿಸಿತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೂಲಿಯಸ್ ಲಕ್ಸ್ ಅವರ ತಂಡ ಅದನ್ನು ಒಣಗಿಸಿ ಸಣ್ಣ ಟ್ಯೂಬಿನಲ್ಲಿಟ್ಟು, ನೀರು ಹಾಕಿದರೆ ಹಳದಿ ಬಣ್ಣ ಬರುವಂತೆ ಮಾಡಿ, ಕೋಸ್ಟರಿಕಾದಲ್ಲಿ ಪರೀಕ್ಷೆ ಮಾಡಿತು. ಅದು ಹಿಡಿದು ತೋರಿಸಿದ್ದು ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡನ್ನು. ಬೇರೆ ಮೂಲವಿಲ್ಲದಾಗ ನಮ್ಮ ಮಿತಿ 1.5. ನಡುವೆ ಇರುವ ಆ ಅರ್ಧ ಮಿಲಿಗ್ರಾಂ ನಮ್ಮ ತಾಲ್ಲೂಕಿನ ಮಕ್ಕಳಿಗೆ ಬಿಟ್ಟ ಪ್ರಶ್ನೆ ಎಂದೇ ನಾನು ತಿಳಿದಿದ್ದೇನೆ. ಈ ಶಾಲೆಯಿಂದ ಹೋದ ಹುಡುಗಿಯೊಬ್ಬಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಅರ್ಜಿಯಲ್ಲಿ ಈ ಪ್ರಶ್ನೆ ಬರೆದರೆ, ಓದುವವರು ಮುಂದಿನ ಅರ್ಜಿಗೆ ಸುಮ್ಮನೆ ಹೋಗಲಾರರು.

ಈಗ ದಾರಿ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಮೊದಲನೆಯದು, ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ, ಪ್ರಯಾಗರಾಜ್‌ನ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್, ಈ ಮೂರೂ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಇವುಗಳಲ್ಲಿ ಬೆಂಗಳೂರಿನದು ಸರ್ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಸಂಸ್ಥೆ. ಎರಡು ತಿಂಗಳ ಕೆಲಸ. ಪದವಿ ವಿದ್ಯಾರ್ಥಿಗಳಷ್ಟೇ ಅಲ್ಲ, ಪಾಠ ಮಾಡುವ ಅಧ್ಯಾಪಕರೂ ಅರ್ಜಿ ಹಾಕಬಹುದು. ಎರಡನೆಯದು, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್. ಬಿ.ಎಸ್ಸಿ. ಮಕ್ಕಳಿಗೆ ರಸಾಯನಶಾಸ್ತ್ರದಲ್ಲಿ ಬೇಸಿಗೆಯಿಂದ ಬೇಸಿಗೆಗೆ ಮುಂದುವರಿಯುವ ಕಾರ್ಯಕ್ರಮವನ್ನೂ ಆ ಕೇಂದ್ರ ನಡೆಸಿಕೊಂಡು ಬಂದಿದೆ. ಇವಕ್ಕೆಲ್ಲ ಅರ್ಜಿ ಕರೆಯುವುದು ಬೇಸಿಗೆಯಲ್ಲಲ್ಲ. ಅದಕ್ಕೆ ತಿಂಗಳುಗಳ ಮೊದಲು, ದಸರಾ ದೀಪಾವಳಿಯ ಹೊತ್ತಿನಿಂದಲೇ ಕಣ್ಣಿಟ್ಟಿರಬೇಕು. ಯಾವ ವರ್ಷದವರು ಹಾಕಬಹುದು, ಭತ್ಯೆ ಎಷ್ಟು ಎನ್ನುವುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಅಂಕಪಟ್ಟಿ, ಪಾಠ ಮಾಡಿದ ಅಧ್ಯಾಪಕರ ಶಿಫಾರಸು ಪತ್ರ, ಮತ್ತು ಏನು ಮಾಡಬೇಕೆಂದಿದ್ದೀರಿ ಎಂಬ ಚಿಕ್ಕ ಬರಹ, ಇಷ್ಟು ಸಿದ್ಧವಾಗಿರಲಿ.

ಹೊರದೇಶದ ಅವಕಾಶಗಳೂ ಇವೆ. ಜರ್ಮನಿಯ ಡಾಡ್ ಸಂಸ್ಥೆಯ ವೈಸ್, ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್, ಇವು ನಮ್ಮ ಮಕ್ಕಳಿಗೂ ತೆರೆದಿರುವಂಥವು. ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣ ಕೊಡುವ ಆರ್‌ಇಯು ಎಂಬ ದೊಡ್ಡ ಯೋಜನೆ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ. ಅದರ ಹಿಂದೆ ಬಿದ್ದು ಕಾಲ ಕಳೆಯಬೇಡಿ. ಇನ್ನೊಂದು ಎಚ್ಚರಿಕೆ: ಇಷ್ಟು ಸಾವಿರ ಕಟ್ಟಿ, ಮನೆಯಲ್ಲೇ ಕೂತು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಪಡೆಯಿರಿ ಎಂದು ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಹೇಳಿದ ಕಾರ್ಯಕ್ರಮಗಳು ಹಣ ಕೊಡುತ್ತವೆ, ಕಾಗದ ಮಾರುವುದಿಲ್ಲ.

ಹೆತ್ತವರಿಗೆ ಎರಡು ಮಾತು. 'ಬಿ.ಎಸ್ಸಿ. ಓದಿ ಏನು ಮಾಡ್ತಾಳೆ' ಎಂದು ನಮ್ಮ ಕಡೆ ಕೇಳುತ್ತೇವೆ. ಪಿ.ಯು.ಸಿ. ಆದ ಮೇಲೆ ಗಂಡುಮಕ್ಕಳನ್ನು ಸಾಲ ಮಾಡಿಯಾದರೂ ಇಂಜಿನಿಯರಿಂಗಿಗೆ ಕಳಿಸುತ್ತೇವೆ, ಹೆಣ್ಣುಮಕ್ಕಳನ್ನು ತಾಲ್ಲೂಕಿನ ಪದವಿ ಕಾಲೇಜಿಗೆ ಸೇರಿಸಿ ಮದುವೆಗೆ ದಿನ ಎಣಿಸುತ್ತೇವೆ. ಆದರೆ ನೀರಿನ ಪ್ರಶ್ನೆಗೆ ಬೇಕಾದ ರಸಾಯನಶಾಸ್ತ್ರ ಕಲಿಸುವುದು ಆ ಬಿ.ಎಸ್ಸಿ. ತರಗತಿಯಲ್ಲೇ. ಮಗಳಿಗೆ ಎರಡು ತಿಂಗಳ ಅವಕಾಶ ಸಿಕ್ಕರೆ ದಯವಿಟ್ಟು ತಡೆಯಬೇಡಿ. ಭಯವಿದ್ದರೆ ಜೊತೆಗೆ ಹೋಗಿ, ಉಳಿಯುವ ಜಾಗ ನೋಡಿ, ಮಾರ್ಗದರ್ಶಕರ ಹತ್ತಿರ ಮಾತಾಡಿ ಬನ್ನಿ. ಕೊನೆಯಲ್ಲಿ ಕೆಲಸದ ಆದೇಶ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ನಾನೂ ವಿಜ್ಞಾನಿಯಾಗಲಿಲ್ಲ. ಆದರೆ ಅಳೆಯದೆ ಮಾತಾಡಬಾರದು, ಅಳೆದದ್ದನ್ನು ಎರಡನೇ ಸಲ ಅಳೆಯಬೇಕು ಎಂಬ ಅಭ್ಯಾಸ ಅಲ್ಲಿ ಬಂದದ್ದು ಇವತ್ತಿಗೂ ನನ್ನ ಜೊತೆಗಿದೆ.

ಇನ್ನು ಸಭೆಯ ಮುಂದೆ ಮೂರು ಕೋರಿಕೆ. ಒಂದು, ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಊರಿನ ಕೊಳವೆಬಾವಿ, ನಲ್ಲಿ ಮತ್ತು ಶುದ್ಧ ನೀರಿನ ಘಟಕದ ನೀರನ್ನು ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಆದ ಮೇಲೆ, ಪರೀಕ್ಷೆ ಮಾಡಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಗೆ ಐದು ಮಂದಿ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಡಿದೆ. ತರಬೇತಿ ಪಡೆದ ಅಕ್ಕಂದಿರು ಮಕ್ಕಳ ಪಕ್ಕ ನಿಂತು ತೋರಿಸಲಿ. ಘಟಕದ ನೀರನ್ನೂ ಬಿಡಬೇಡಿ. ಪೊರೆ ಹಳತಾದರೆ ಅದು ಮೊದಲಿನಂತೆ ಶುದ್ಧ ಮಾಡುವುದಿಲ್ಲ, ಐದು ರೂಪಾಯಿ ನಾಣ್ಯ ಮಾತ್ರ ಮೊದಲಿನಂತೆ ನುಂಗುತ್ತದೆ. ಎರಡು, ಪ್ರತಿ ವರ್ಷ ದಸರಾ ರಜೆಯಲ್ಲಿ ನಾವು ನಾಲ್ಕಾರು ಮಂದಿ ಹಳೆಯ ವಿದ್ಯಾರ್ಥಿಗಳು ಇದೇ ಶಾಲೆಯಲ್ಲಿ ಒಂದು ದಿನ ಕೂರುತ್ತೇವೆ. ಪದವಿ ಓದುತ್ತಿರುವ ನಮ್ಮ ಮಕ್ಕಳು ಬರಲಿ, ಅರ್ಜಿಯ ಬರಹವನ್ನು ಜೊತೆಗೆ ಕೂತು ತಿದ್ದೋಣ. ಮೊದಲು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಲಿ, ಇಂಗ್ಲಿಷ್ ಆಮೇಲೆ ಮಾಡಿಕೊಳ್ಳಬಹುದು. ಮೂರು, ಸುವರ್ಣ ಮಹೋತ್ಸವದ ನಿಧಿಯಲ್ಲಿ ಸ್ವಾಗತ ಕಮಾನು ಕಟ್ಟುವ ಮಾತು ನಡೆದಿದೆ. ಕಟ್ಟಿ, ಸಂತೋಷ. ಅದರಲ್ಲಿ ಒಂದು ಪಾಲನ್ನು ಆಯ್ಕೆಯಾದ ಮಕ್ಕಳ ಮೊದಲ ತಿಂಗಳ ಖರ್ಚಿಗೆ ಎತ್ತಿಡಿ. ಭತ್ಯೆ ಕೈಗೆ ಬರುವ ಮುಂಚೆ ಬಸ್ಸಿಗೆ, ಊಟಕ್ಕೆ, ಹಾಸ್ಟೆಲ್ಲಿನ ಮುಂಗಡಕ್ಕೆ ಹಣ ಬೇಕು. ಆ ಸಣ್ಣ ಮೊತ್ತ ಇಲ್ಲದೆ ಯಾರೂ ಊರಲ್ಲೇ ಉಳಿಯಬಾರದು. ಈ ಪಾಲಿಗೆ ನನ್ನ ಒಂದು ತಿಂಗಳ ಸಂಬಳವನ್ನು ಇವತ್ತು ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ.

ಮಕ್ಕಳೇ, ನಿಮಗೆ ಒಂದೇ ಮಾತು. ಕಿಟ್ಟಿನಲ್ಲಿ ನೀರಿಗೆ ದ್ರಾವಣ ಹಾಕಿದಾಗ ಗುಲಾಬಿ ಬಣ್ಣ ಹಳದಿಯ ಕಡೆ ತಿರುಗಿದರೆ ಫ್ಲೋರೈಡ್ ಹೆಚ್ಚಿದೆ ಎಂದರ್ಥ. ಆದರೆ ಮಿತಿಯ ಹತ್ತಿರದ ಬಣ್ಣವನ್ನು ಇಬ್ಬರು ನೋಡಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ. ಆಗ ಜಗಳ ಆಡಬೇಡಿ. ಇಬ್ಬರ ಮಾತನ್ನೂ ದಿನಾಂಕ ಹಾಕಿ ಬರೆದಿಡಿ. ಇದನ್ನು ಸರಿಯಾಗಿ ಅಳೆಯುವುದು ಹೇಗೆ ಎಂದು ನಿಮಗೆ ಅವತ್ತು ಅನ್ನಿಸಿದರೆ, ಆ ಪ್ರಶ್ನೆಯನ್ನು ಪಿ.ಯು.ಸಿ., ಡಿಗ್ರಿ ಮುಗಿಯುವ ತನಕ ಜೋಪಾನ ಮಾಡಿ. ಅದನ್ನು ಕೇಳಿಸಿಕೊಳ್ಳುವ ಜಾಗಗಳ ಹೆಸರು ಇವತ್ತು ಹೇಳಿದ್ದೇನೆ.