ಹಳೆಯ ಟರ್ಬೊ ಗಾಡಿಯ ಆರೈಕೆ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಹೈನುಗಾರಿಕೆ, ಹೊಲಿಗೆ, ಹಪ್ಪಳ-ಉಪ್ಪಿನಕಾಯಿ ಬಗ್ಗೆ ನೀವು ಬೇಕಾದಷ್ಟು ತರಬೇತಿ ಪಡೆದಿದ್ದೀರಿ. ಇವತ್ತು ಗಾಡಿಯ ವಿಷಯ. "ಗಾಡಿ ಓಡಿಸೋದು ಗಂಡಸರು, ನಮಗ್ಯಾಕೆ ಇದು?" ಎಂದು ಕೆಲವರಿಗೆ ಅನಿಸಬಹುದು. ಆದರೆ ಒಂದು ಮಾತು ಯೋಚಿಸಿ. ಎಷ್ಟೋ ಮನೆಗಳಲ್ಲಿ ಗಾಡಿ ಗಂಡನ ಅಥವಾ ಮಗನ ಹೆಸರಿನಲ್ಲಿ ಇರುತ್ತದೆ, ಸಾಲ ಮಾತ್ರ ಹೆಂಡತಿಯ ಹೆಸರಿನಲ್ಲಿ ಇರುತ್ತದೆ. ಗಾಡಿ ಗ್ಯಾರೇಜಿನಲ್ಲಿ ಒಂದು ತಿಂಗಳು ನಿಂತರೆ ಬಾಡಿಗೆ ನಿಂತಿತು, ಕಂತು ನಿಂತಿತು. ವಾರದ ಸಭೆಯಲ್ಲಿ ತಲೆ ತಗ್ಗಿಸಿ ಕೂರುವವರು ನಾವೇ. ಆದ್ದರಿಂದ ಗಾಡಿಯ ಆರೋಗ್ಯ ನಮಗೂ ಗೊತ್ತಿರಬೇಕು.

ಬಾಡಿಗೆ ಓಡಿಸಲು, ಶಾಲಾ ಮಕ್ಕಳನ್ನು ಕರೆದೊಯ್ಯಲು, ತರಕಾರಿ ಸಾಗಿಸಲು ಹೆಚ್ಚಾಗಿ ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ. ಬೊಲೆರೊ, ಸುಮೊ, ತವೇರಾ, ಸ್ವಿಫ್ಟ್ ಡೀಸೆಲ್ ಇಂಥವು. ಇವುಗಳಲ್ಲಿ ಬಹುಪಾಲು ಟರ್ಬೊ ಇರುವ ಗಾಡಿಗಳೇ. ತವೇರಾ ಮಾರಾಟ 2017ರಲ್ಲಿ ನಿಂತಿತು. ಸುಮೊ 2019ರಲ್ಲಿ ನಿಂತಿತು. ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟರು. ಅಂದರೆ ಇವತ್ತು ತವೇರಾ, ಸುಮೊ, ಸ್ವಿಫ್ಟ್ ಡೀಸೆಲ್ ಇವುಗಳಲ್ಲಿ ಯಾವುದನ್ನು ಕೊಂಡರೂ ಅದಕ್ಕೆ ವಯಸ್ಸಾಗಿದೆ. ವಯಸ್ಸಾದವರಿಗೆ ಬೇಕಾದಂತೆ ಅದಕ್ಕೂ ಆರೈಕೆ ಬೇಕು.

ಟರ್ಬೊ ಎಂದರೇನು? ಸೌದೆ ಒಲೆಗೆ ಊದುಗೊಳವೆಯಲ್ಲಿ ಊದಿದರೆ ಬೆಂಕಿ ಹೇಗೆ ಧಗ್ಗನೆ ಏಳುತ್ತದೋ ಹಾಗೆ, ಇಂಜಿನಿಗೆ ಹೆಚ್ಚು ಗಾಳಿ ಊದುವ ಸಾಧನವೇ ಟರ್ಬೊ. ಒಂದು ಕಡ್ಡಿಯ ಎರಡು ತುದಿಗೆ ಎರಡು ಸಣ್ಣ ಫ್ಯಾನು ಇರುತ್ತವೆ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಫ್ಯಾನನ್ನು ತಿರುಗಿಸುತ್ತದೆ. ಆಗ ಇನ್ನೊಂದು ಫ್ಯಾನು ತಾನೂ ತಿರುಗಿ ಹೊರಗಿನ ಗಾಳಿಯನ್ನು ಇಂಜಿನಿಗೆ ತಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರ್ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಈ ಕಡ್ಡಿ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗಬಲ್ಲದು. ಅಷ್ಟು ವೇಗದಲ್ಲಿ ಅದನ್ನು ಎತ್ತಿ ಹಿಡಿದಿರುವುದು ಇಂಜಿನ್ ಆಯಿಲ್‌ನ ಒಂದು ತೆಳು ಪದರ ಮಾತ್ರ. ಆ ಆಯಿಲ್ ಒಂದು ಸಣ್ಣ ಪೈಪಿನಿಂದ ಬರುತ್ತದೆ. ಆಯಿಲ್ ಕಡಿಮೆಯಾದರೆ, ಕೊಳೆಯಾದರೆ, ಪೈಪು ಕಟ್ಟಿಕೊಂಡರೆ ಕಡ್ಡಿ ಸವೆಯುತ್ತದೆ, ಟರ್ಬೊ ಹೋಗುತ್ತದೆ. ಹೊಸ ಟರ್ಬೊ ಹಾಕಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಅದರ ಒಂದು ಸಣ್ಣ ಪಾಲಿನಲ್ಲಿ ಆಯಿಲ್ ಬದಲಾಯಿಸಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಸ್ಥಿತಿ ನಮಗೆ ಬರಬಾರದು.

ಈಗ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ನೋಡೋಣ.

1. ಆಯಿಲ್ ಮಟ್ಟ: ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್ ಸ್ಟಿಕ್ ತೆಗೆಯಿರಿ. ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿದರೂ ತೊಂದರೆಯೇ. ಈ ಕೆಲಸಕ್ಕೆ ಮೆಕ್ಯಾನಿಕ್ ಬೇಡ, ಯಾರು ಬೇಕಾದರೂ ಮಾಡಬಹುದು.

2. ಆಯಿಲ್ ಬದಲಾವಣೆ: ಡೀಸೆಲ್ ಇಂಜಿನ್ನಿನ ಆಯಿಲ್ ಬೇಗನೆ ಕಪ್ಪಾಗುತ್ತದೆ, ಬಣ್ಣ ನೋಡಿ ತೀರ್ಮಾನ ಮಾಡಲಾಗದು. ಕಂಪನಿ ಕೊಟ್ಟ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ, ಯಾವ ಗ್ರೇಡಿನ ಆಯಿಲ್ ಎಂದು ಬರೆದಿರುತ್ತದೆ. ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಘಾಟಿ ಹತ್ತುವ, ಧೂಳಿನಲ್ಲಿ ಓಡುವ, ಭಾರ ಹೊರುವ ಗಾಡಿಗೆ ಅವಧಿಗೆ ಮುಂಚೆಯೇ ಬದಲಿಸುವುದು ಒಳ್ಳೆಯದು. ಆಯಿಲ್ ಜೊತೆಗೆ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ಹಳೆ ಫಿಲ್ಟರಿಗೆ ಹೊಸ ಆಯಿಲ್ ಹಾಕುವುದೆಂದರೆ ಎಂಜಲು ತಟ್ಟೆಗೆ ಬಿಸಿ ಅನ್ನ ಬಡಿಸಿದ ಹಾಗೆ.

3. ನಿಲ್ಲಿಸುವ ಕ್ರಮ: ಚಾರ್ಮಾಡಿ, ಶಿರಾಡಿ, ಆಗುಂಬೆಯಂಥ ಘಾಟಿ ಹತ್ತಿ ಬಂದ ಗಾಡಿಯ ಟರ್ಬೊ ಕೆಂಡದಂತೆ ಕಾದಿರುತ್ತದೆ. ತಕ್ಷಣ ಆಫ್ ಮಾಡಿದರೆ ಆಯಿಲ್ ಹರಿವು ನಿಲ್ಲುತ್ತದೆ. ಒಳಗೆ ಉಳಿದ ಆಯಿಲ್, ಬಾಣಲೆಯ ತಳದಲ್ಲಿ ಸೀದ ಎಣ್ಣೆಯಂತೆ ಕರಿಕಟ್ಟುತ್ತದೆ. ಹಾಗಾಗಿ ಒಂದೆರಡು ನಿಮಿಷ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡಲು ಬಿಟ್ಟು ನಂತರ ಆಫ್ ಮಾಡಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ರೇಸ್ ಮಾಡುವುದೂ ತಪ್ಪು, ಅರ್ಧ ನಿಮಿಷ ತಾಳ್ಮೆ ಬೇಕು. ಆದರೆ ಓಡುವಾಗ ಕೆಂಪು ಆಯಿಲ್ ದೀಪ ಹತ್ತಿಕೊಂಡರೆ ಈ ನಿಯಮ ಇಲ್ಲ. ಬದಿಗೆ ತಂದು ಕೂಡಲೇ ಆಫ್ ಮಾಡಿ.

4. ಏರ್ ಫಿಲ್ಟರ್ ಮತ್ತು ಪೈಪು: ಮಣ್ಣು ರಸ್ತೆಯ ಧೂಳು ಒಳಗೆ ಹೋದರೆ ಟರ್ಬೊ ಫ್ಯಾನಿನ ಎಲೆ ಸವೆಯುತ್ತದೆ. ಏರ್ ಫಿಲ್ಟರ್ ಹರಿದಿದೆಯೇ, ಕಟ್ಟಿಕೊಂಡಿದೆಯೇ ನೋಡಿಸಿ. ಗಾಳಿ ಹೋಗುವ ರಬ್ಬರ್ ಪೈಪುಗಳು ಹಳೆಯದಾದಂತೆ ಸೀಳುತ್ತವೆ, ಕ್ಲಿಪ್ಪು ಸಡಿಲವಾಗುತ್ತದೆ. ಪಿಕಪ್ ಕಡಿಮೆಯಾಗಿ ಕರಿ ಹೊಗೆ ಬಂದು, ಸುಂಯ್ ಎಂಬ ಶಬ್ದ ಕೇಳಿದರೆ ಮೊದಲು ಈ ಪೈಪುಗಳನ್ನೇ ಪರೀಕ್ಷಿಸಲು ಹೇಳಿ. ಬರಿ ಒಂದು ಪೈಪಿನ ತೊಂದರೆಗೆ ಟರ್ಬೊ ಬದಲಿಸಿದವರೂ ಇದ್ದಾರೆ.

5. ಕೂಲೆಂಟ್: ರೇಡಿಯೇಟರಿಗೆ ಬಾವಿ ನೀರು ತುಂಬಿಸಿದರೆ ಒಳಗೆ ತುಕ್ಕು, ಗಸಿ ಕಟ್ಟುತ್ತದೆ. ಸರಿಯಾದ ಕೂಲೆಂಟ್ ಹಾಕಿಸಿ. ಇಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಗಾಡಿ ಓಡಿಸದವರಿಗೂ ಹೊಗೆಯ ಬಣ್ಣ ಕಾಣುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಟರ್ಬೊದ ಸೀಲು ಅಥವಾ ಇಂಜಿನ್ನಿನ ರಿಂಗು ಸವೆದಿರಬಹುದು. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಪದೇ ಪದೇ ಕಡಿಮೆಯಾದರೆ ಅದು ಒಳಗೆ ಸೋರುತ್ತಿರಬಹುದು. ನೀಲಿ ಹೊಗೆಯನ್ನು ಅಲಕ್ಷ್ಯ ಮಾಡಬೇಡಿ. ಸೀಲು ಪೂರ್ತಿ ಹೋದರೆ ಇಂಜಿನ್ ತನ್ನ ಆಯಿಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ.

ಒಂದು ವೇಳೆ ಟರ್ಬೊ ಹೋಗಿಯೇಬಿಟ್ಟರೆ ಮೆಕ್ಯಾನಿಕರಿಗೆ ಒಂದು ಪ್ರಶ್ನೆ ಕೇಳಿ: "ಯಾಕೆ ಹೋಯ್ತು ಅಣ್ಣಾ?" ಆಯಿಲ್ ಪೈಪು ಕಟ್ಟಿಕೊಂಡು ಹೋಗಿದ್ದರೆ, ಆ ಪೈಪು ಬದಲಿಸದೆ ಹಾಕಿದ ಹೊಸ ಟರ್ಬೊ ಕೂಡ ಬೇಗನೆ ಹೋಗುತ್ತದೆ. ಹಳೆ ಬಿಡಿಭಾಗವನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ.

ಇನ್ನು ಹಣದ ಮಾತು. ಗಾಡಿ ತಿಂಗಳಿಗೆ 1,500 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 1 ರೂಪಾಯಿಯಂತೆ ಎತ್ತಿಟ್ಟರೆ ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ. ಆಯಿಲ್, ಫಿಲ್ಟರ್, ಕೂಲೆಂಟ್ ಖರ್ಚಿಗೆ ಆಗ ಮತ್ತೆ ಸಂಘದ ಬಾಗಿಲು ಬಡಿಯಬೇಕಾಗಿಲ್ಲ. ವಾರದ ಉಳಿತಾಯ ಕಲಿತ ನಮಗೆ ಇದು ಹೊಸದೇನೂ ಅಲ್ಲ. ಒಂದು ನೂರು ಪುಟದ ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್, ಮಾಡಿಸಿದ ಕೆಲಸ, ಕೊಟ್ಟ ಹಣ ಬರೆದಿಡಿ.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಹತ್ತು ಕನ್ಯೆಯರ ಸಾಮತಿ ನಿಮ್ಮಲ್ಲಿ ಹಲವರಿಗೆ ಗೊತ್ತು. ದೀಪ ಹತ್ತೂ ಮಂದಿಯ ಕೈಯಲ್ಲಿತ್ತು. ಎಣ್ಣೆಯನ್ನು ಮುಂಚಿತವಾಗಿ ಜೊತೆಗೆ ತಂದವರು ಐದೇ ಮಂದಿ. ನಡುರಾತ್ರಿ ಎಣ್ಣೆ ಹುಡುಕಿಕೊಂಡು ಹೊರಟವರಿಗೆ ಬಾಗಿಲು ಮುಚ್ಚಿತ್ತು. ಯಾವ ಧರ್ಮದವರಾದರೂ ನಮಗೆಲ್ಲ ಆ ಬುದ್ಧಿಮಾತು ಹೊಂದುತ್ತದೆ.

ಕೊನೆಯದಾಗಿ ಒಂದು ಸಲಹೆ. ಮುಂದಿನ ಸಭೆಯಲ್ಲಿ ಪ್ರತಿ ಸಂಘವೂ ಒಂದು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಲಿ: ಹಳೆ ಗಾಡಿಗೆ ಸಾಲ ಕೇಳುವವರು ಮೊದಲು ಮೆಕ್ಯಾನಿಕರಿಂದ ಗಾಡಿಯನ್ನು ಪರೀಕ್ಷೆ ಮಾಡಿಸಬೇಕು, ಸಾಲ ಪಡೆದ ನಂತರ ಮೂರು ತಿಂಗಳಿಗೊಮ್ಮೆ ಗಾಡಿ ಪುಸ್ತಕವನ್ನು ಸಭೆಗೆ ತಂದು ತೋರಿಸಬೇಕು. ಇದರಿಂದ ಸಾಲ ಪಡೆದವರಿಗೂ ಕ್ಷೇಮ, ಜಾಮೀನು ನಿಂತವರಿಗೂ ನೆಮ್ಮದಿ.