ಹಿಮದ ಬಂಡಿಯ ಮೊದಲ ಐವತ್ತು ಮೀಟರು



ಅಥಣಿ ತಾಲೂಕಿನ ತೆಲಸಂಗದ ಕಡೆಯವರಿಗೆ ಚಕ್ಕಡಿ ಶರ್ಯತ್ತು ಎಂದರೆ ಏನೆಂದು ಹೇಳಬೇಕಾಗಿಲ್ಲ. ಅಂಥ ಬಿಸಿಲ ಸೀಮೆಯವರ ಮುಂದೆ ಹಿಮದ ಆಟದ ಮಾತೇಕೆ ಎಂದು ನೀವು ಕೇಳಬಹುದು. ಬಾಬ್‌ಸ್ಲೇ ಎಂಬ ಈ ಆಟಕ್ಕೆ ಹಿಮವನ್ನೇ ಕಾಣದ ನಾಡಿನವರೂ ಇಳಿದಿದ್ದಾರೆ. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಒಂದು ಬಗೆಯ ಗಾಡಿ ಶರ್ಯತ್ತೇ.

ಬಾಬ್‌ಸ್ಲೇ ಎಂದರೆ ಎತ್ತಿಲ್ಲದ, ಗಾಲಿಯಿಲ್ಲದ, ಯಂತ್ರವೂ ಇಲ್ಲದ ಬಂಡಿ. ಗಾಲಿಗಳ ಜಾಗದಲ್ಲಿ ನಾಲ್ಕು ಉಕ್ಕಿನ ಪಟ್ಟಿಗಳಿರುತ್ತವೆ. ಮಂಜುಗಡ್ಡೆ ಹೊದಿಸಿದ, ತಿರುವುಗಳಿಂದ ತುಂಬಿದ ಇಳಿಜಾರು ಕಾಲುವೆಯಲ್ಲಿ ಅದು ಸುಮಾರು ಒಂದೂಕಾಲು, ಒಂದೂವರೆ ಕಿಲೋಮೀಟರು ಜಾರುತ್ತದೆ. ವೇಗ ಗಂಟೆಗೆ 130 ಕಿಲೋಮೀಟರನ್ನೂ ಮೀರುವುದುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ ಪ್ರವಾಸಿಗರ ಮೋಜಾಗಿದ್ದ ಈ ಆಟ 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ಸೇರಿತು. ಮಹಿಳೆಯರಿಗೆ ಅವಕಾಶ ದೊರೆತದ್ದು ಮಾತ್ರ 2002ರಲ್ಲಿ!

ನೋಡುವವರಿಗೆ ಇದು ಕುಳಿತು ಜಾರುವ ಆಟ. ನಿಜವಾಗಿ ಇದು ಓಟದ ಆಟ. ಹೇಗೆಂದು ನೋಡೋಣ. ಮುಳ್ಳಿನ ಬೂಟು ತೊಟ್ಟ ಆಟಗಾರರು ಬಂಡಿಯನ್ನು ತಳ್ಳುತ್ತ ಸುಮಾರು 50 ಮೀಟರು ಓಡಿ, ಒಬ್ಬರ ಹಿಂದೊಬ್ಬರು ಒಳಗೆ ಹಾರಿ ಕೂರುತ್ತಾರೆ. ಇದಕ್ಕೆ ಹಿಡಿಯುವುದು ಐದು ಸೆಕೆಂಡು, ಆಚೀಚೆ. ಆಮೇಲೆ ಬಂಡಿಯನ್ನು ಎಳೆಯುವುದು ಭೂಮಿಯ ಗುರುತ್ವ ಮಾತ್ರ. ಆರಂಭದಲ್ಲಿ ಗಳಿಸಿದ ವೇಗ ದಾರಿಯುದ್ದಕ್ಕೂ ಕೆಲಸ ಮಾಡುತ್ತದೆ; ಮೇಲೆ ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿಸಿದರೆ ಕೆಳಗೆ ಅದು ಮೂರರಷ್ಟಾಗುತ್ತದೆಂಬುದು ಬಲ್ಲವರ ಅಂದಾಜು. ಇಲ್ಲಿ ಇಷ್ಟೂ ಬಹಳ ದೊಡ್ಡದು. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಕೆನಡಾ ಮತ್ತು ಇಟಲಿಯ ಇಬ್ಬರಾಳಿನ ಬಂಡಿಗಳು ನಾಲ್ಕು ಸುತ್ತು ಮುಗಿಸಿದಾಗ ಸೆಕೆಂಡಿನ ನೂರನೆಯ ಒಂದು ಭಾಗದ ವ್ಯತ್ಯಾಸವೂ ಇರದೆ, ಎರಡಕ್ಕೂ ಚಿನ್ನ ಕೊಡಬೇಕಾಯಿತು.

ಭಾರ ಹೆಚ್ಚಿದರೆ ವೇಗ ಹೆಚ್ಚುವುದೇ? ಗಾಳಿಯೇ ಇಲ್ಲದಿದ್ದರೆ, ನೀವು ಪಾಠದಲ್ಲಿ ಓದಿದಂತೆ, ಭಾರವಾದದ್ದೂ ಹಗುರಾದದ್ದೂ ಒಂದೇ ಸಮ ಬೀಳುತ್ತವೆ. ಗಾಳಿಯ ತಡೆಯಿರುವಾಗ ಭಾರದ ಬಂಡಿಗೆ ಲಾಭ. ಅದಕ್ಕಾಗಿಯೇ ಪುರುಷರ ನಾಲ್ವರ ಬಂಡಿ ಆಳುಗಳ ಸಮೇತ 630 ಕಿಲೋ ಮೀರಬಾರದೆಂಬ ನಿಯಮವಿದೆ. ಮುಂದೆ ಕುಳಿತವನು ಹಗ್ಗದಿಂದ ದಿಕ್ಕು ತಿರುಗಿಸುತ್ತಾನೆ, ಹಿಂದಿನವನು ಬ್ರೇಕು ಹಿಡಿಯುತ್ತಾನೆ. ಆ ಬ್ರೇಕು ಗುರಿ ದಾಟಿದ ಮೇಲಷ್ಟೇ!

ಇನ್ನು ಜಮೈಕಾದ ಮಾತು. ಆ ಬಿಸಿಲಿನ ದ್ವೀಪದಲ್ಲಿ ತಳ್ಳುಗಾಡಿಗಳನ್ನು ಇಳಿಜಾರಿನಲ್ಲಿ ಓಡಿಸುವ ಸ್ಪರ್ಧೆ ಜನಪ್ರಿಯ. ಅದನ್ನು ಕಂಡ ಇಬ್ಬರು ಅಮೆರಿಕನ್ನರಿಗೆ ಬಾಬ್‌ಸ್ಲೇ ನೆನಪಾಯಿತು. ಓಟಗಾರರಿಗಂತೂ ಅಲ್ಲಿ ಬರವಿರಲಿಲ್ಲ. ಹೆಚ್ಚಾಗಿ ಸೈನಿಕರೇ ಇದ್ದ ತಂಡ 1988ರಲ್ಲಿ ಕೆನಡಾದ ಕ್ಯಾಲ್ಗರಿಗೆ ಹೋಯಿತು. ನಾಲ್ವರ ಸ್ಪರ್ಧೆಯಲ್ಲಿ ಬಂಡಿ ಮಗುಚಿತು. ಆಟಗಾರರು ಎದ್ದು ಅದರೊಂದಿಗೆ ನಡೆದೇ ಗುರಿ ತಲುಪಿದರು. ಜಗತ್ತು ನೆನಪಿಟ್ಟುಕೊಂಡದ್ದು ಆ ಬೀಳನ್ನು. ನನಗೆ ದೊಡ್ಡದೆನಿಸುವುದು 1994ರ ಲಿಲ್ಲೆಹ್ಯಾಮರ್: ಡಡ್ಲಿ ಸ್ಟೋಕ್ಸ್ ನಡೆಸಿದ ಜಮೈಕಾದ ಬಂಡಿ 14ನೆಯದಾಯಿತು, ಹಿಮದಲ್ಲೇ ಬೆಳೆದ ರಷ್ಯದ ಬಂಡಿಗಳೂ ಅಮೆರಿಕದವೂ ಅದರ ಹಿಂದೆ ಉಳಿದವು.

ನಮ್ಮ ದೇಶದ ತಂಡ ಒಲಿಂಪಿಕ್ಸ್‌ನ ಬಾಬ್‌ಸ್ಲೇಯಲ್ಲಿ ಇದುವರೆಗೆ ಸ್ಪರ್ಧಿಸಿಲ್ಲ. ಓಟಗಾರರ ಕೊರತೆಗಿಂತ ಇಲ್ಲಿ ಹಣದ ಕೊರತೆ ದೊಡ್ಡದು; ಅಂಥ ಹಿಮದ ಕಾಲುವೆ ಭಾರತದಲ್ಲಿ ಒಂದೂ ಇಲ್ಲ. ಆದರೆ ಅದೇ ಬಗೆಯ ಕಾಲುವೆಯಲ್ಲಿ ಅಂಗಾತ ಮಲಗಿ ಜಾರುವ ಲೂಜ್ ಎಂಬ ಆಟದಲ್ಲಿ ಹಿಮಾಚಲದ ಶಿವ ಕೇಶವನ್ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಆಡಿದರು. ಮೊದಲ ಬಾರಿ ಹೋದಾಗ ಅವರಿಗೆ ಹದಿನಾರು ವರ್ಷ. ಊರಿಗೆ ಬಂದಾಗ ಅವರು ಜಾರುಬಂಡಿಗೆ ಗಾಲಿ ಕಟ್ಟಿಕೊಂಡು, ಲಾರಿಗಳೂ ಕುರಿಮಂದೆಗಳೂ ಓಡಾಡುವ ಹಿಮಾಲಯದ ಡಾಂಬರು ರಸ್ತೆಯಲ್ಲೇ ಅಭ್ಯಾಸ ಮಾಡುತ್ತಿದ್ದರು.