ಕಾಡಿನ ಬೆಂಕಿಯೂ ಸರಕಾರದ ಕಾಯಿದೆಯೂ

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



2019ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ಬಂಡೀಪುರದ ಅಡವಿಯು ಹೊತ್ತಿ ಉರಿದುದನ್ನು ತಾವೆಲ್ಲರೂ ಬಲ್ಲಿರಿ. ಸಾವಿರಾರು ಎಕರೆ ಕಾಡು ಬೂದಿಯಾಯಿತು. ಕಡೆಗೆ ವಾಯುದಳದ ಹೆಲಿಕಾಪ್ಟರುಗಳು ನೀರು ತಂದು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 2017ರ ಫೆಬ್ರುವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿಯನ್ನು ಆರಿಸಹೋದ ಅರಣ್ಯರಕ್ಷಕನೊಬ್ಬನು ತನ್ನ ಪ್ರಾಣವನ್ನೇ ತೆತ್ತನು. ಹಸಿ ಸೊಪ್ಪಿನ ಕೊಂಬೆಯನ್ನು ಹಿಡಿದು ಜ್ವಾಲೆಯ ಎದುರಿಗೆ ನಿಲ್ಲುವ ಇಂತಹ ಬಡ ನೌಕರರ ಧೈರ್ಯಕ್ಕೆ ನಾವು ತಲೆಬಾಗಬೇಕು. ಆದರೆ ತಲೆಬಾಗಿದ ಬಳಿಕ ಒಂದು ಪ್ರಶ್ನೆಯನ್ನೂ ಕೇಳಬೇಕು. ಕಾಡಿನಲ್ಲಿ ಬೆಂಕಿಯಿಡಕೂಡದೆಂಬ ಕಾಯಿದೆಯು ನಮ್ಮ ದೇಶದಲ್ಲಿ ಒಂದೂವರೆ ಶತಮಾನದಿಂದ ಇರುತ್ತಿರಲು, ಕಾಡು ಇಷ್ಟು ಭೀಕರವಾಗಿ ಉರಿಯುವುದೇಕೆ?

ಈ ಕಾಯಿದೆಯ ಹುಟ್ಟನ್ನು ನೋಡೋಣ. ಬ್ರಿಟಿಷ್ ಸರಕಾರವು 1878ರಲ್ಲಿ ಅರಣ್ಯ ಕಾಯಿದೆಯನ್ನು ಮಾಡಿ, ವಿಶಾಲವಾದ ಅಡವಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದರ ಕಣ್ಣಿಗೆ ಕಾಡೆಂದರೆ ಮುಖ್ಯವಾಗಿ ತೇಗದ ಮರ, ರೈಲಿನ ಹಳಿಗೆ ಬೇಕಾದ ದಿಮ್ಮಿ, ಬೊಕ್ಕಸದ ಆದಾಯ. ಎಳೆಯ ಸಸಿಯನ್ನು ಸುಡುವ ಬೆಂಕಿಯು ಬೊಕ್ಕಸಕ್ಕೆ ನಷ್ಟ. ಹುಲ್ಲಿಗಾಗಿ ಬೆಂಕಿಯಿಡುವ ಹಳ್ಳಿಯವನು ಅಪರಾಧಿ. 1927ರ ಕಾಯಿದೆಯು ಇದನ್ನೇ ಮುಂದುವರಿಸಿತು. ಈ ಅರಣ್ಯ ಕಟ್ಟಳೆಗಳ ಬಿಗಿಗೆ ಬೇಸತ್ತು 1930ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನರು ಅರಣ್ಯ ಸತ್ಯಾಗ್ರಹವನ್ನು ಹೂಡಿದುದು ನಮ್ಮ ನಾಡಿನ ಚರಿತ್ರೆಯಲ್ಲಿ ಹೆಮ್ಮೆಯ ಸಂಗತಿ. ಆಮೇಲೆ ಸ್ವರಾಜ್ಯ ಬಂದಿತು. ಆದರೂ ಬೆಂಕಿಯ ವಿಷಯದಲ್ಲಿ ಹಳೆಯ ನೀತಿ ಹಾಗೆಯೇ ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅಭಯಾರಣ್ಯದಲ್ಲಿ ಬೆಂಕಿಯಿಡುವುದನ್ನು ನಿಷೇಧಿಸಿತು.

ಇನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತನ್ನು ಕೇಳೋಣ. ಅವರ ಹಿರಿಯರು ತಲೆತಲಾಂತರದಿಂದ ‘ತರಗು ಬೆಂಕಿ’ ಎಂಬ ಪದ್ಧತಿಯನ್ನು ಅನುಸರಿಸುತ್ತಿದ್ದರು. ಬೇಸಗೆ ಬಲಿಯುವುದಕ್ಕೆ ಮೊದಲೇ, ನೆಲದಲ್ಲಿ ಇನ್ನೂ ತಂಪಿರುವಾಗ, ಉದುರಿದ ಎಲೆಗೂ ಒಣಹುಲ್ಲಿಗೂ ಕಿಚ್ಚಿಡುವರು. ಜ್ವಾಲೆಯು ಮೇಲೇಳದೆ ನೆಲವನ್ನು ಸವರಿಕೊಂಡು ಹೋಗುವುದು. ದೊಡ್ಡ ಮರದ ತೊಗಟೆಗೆ ಅದರಿಂದ ಹಾನಿಯಿಲ್ಲ. ಮಳೆ ಬಿದ್ದೊಡನೆ ಹೊಸ ಹುಲ್ಲು ಚಿಗುರಿ ಜಿಂಕೆ ಕಡವೆಗಳಿಗೆ ಮೇವಾಗುವುದು. ನೆಲ್ಲಿಯ ಮರವನ್ನು ಹೀರಿ ಕೊಲ್ಲುವ ಬಂದಳಿಕೆಯೂ ಇದರಿಂದ ಹತೋಟಿಯಲ್ಲಿರುವುದೆಂದು ಸೋಲಿಗರು ಹೇಳುತ್ತಾರೆ.

1974ರಲ್ಲಿ ಆ ಬೆಟ್ಟವು ಅಭಯಾರಣ್ಯವಾಯಿತು. ತರಗು ಬೆಂಕಿಯು ಆರಿತು. ಆಮೇಲೆ ಹಬ್ಬಿದುದು ಯಾವುದು? ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಲಂಟಾನದ ಪೊದೆ. ವಿಜ್ಞಾನಿಗಳು ಆ ಕಾಡಿನಲ್ಲಿ ಪರೀಕ್ಷಿಸಿದ ತಾಣಗಳ ಪೈಕಿ 1997ರಲ್ಲಿ ನೂರಕ್ಕೆ ಸುಮಾರು 40ರಲ್ಲಿದ್ದ ಲಂಟಾನವು 2008ರ ಹೊತ್ತಿಗೆ ಸುಮಾರು 80ಕ್ಕೆ ಏರಿತ್ತು. ಹಿಂದೆ ಮೊಣಕಾಲೆತ್ತರದ ಹುಲ್ಲು ಬೆಳೆಯುತ್ತಿದ್ದಲ್ಲಿ ಈಗ ಆಳೆತ್ತರದ ಪೊದೆ ನಿಂತಿದೆ. ಒಣಗಿದ ಆ ಪೊದೆಗೆ ಕಿಡಿ ತಾಗಿದರೆ ಬೆಂಕಿಯು ನೆಲದಲ್ಲಿ ನಿಲ್ಲದೆ ಮರದ ನೆತ್ತಿಗೇರುವುದು. ಸಣ್ಣ ಬೆಂಕಿಯನ್ನು ವರ್ಷವರ್ಷವೂ ತಡೆಯುತ್ತ ಬಂದರೆ ದೊಡ್ಡ ಬೆಂಕಿಗೆ ಸೌದೆಯನ್ನು ಕೂಡಿಹಾಕಿದಂತಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹೀಗೆ ಎಡವಿದವರು ನಾವು ಮಾತ್ರವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1910ರ ಆಗಸ್ಟಿನಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟಿತು. ಬೆದರಿದ ಅಲ್ಲಿಯ ಅರಣ್ಯ ಇಲಾಖೆಯು, ಯಾವ ಬೆಂಕಿ ಕಂಡರೂ ಮರುದಿನ ಬೆಳಗಿನ 10 ಗಂಟೆಯೊಳಗೆ ಹತೋಟಿಗೆ ತರತಕ್ಕದ್ದೆಂದು 1935ರಲ್ಲಿ ನಿಯಮ ಮಾಡಿತು. ಕಾಡಿನ ಅಡಿಯಲ್ಲಿ ಒಣಗಸ ಬೆಳೆಯುತ್ತ ಹೋಯಿತು. ತಪ್ಪನ್ನರಿತು 1978ರಲ್ಲಿ ಆ ಇಲಾಖೆಯೇ ನಿಯಮವನ್ನು ಕೈಬಿಟ್ಟಿತು. ತಾನು ಮಾಡಿದ ಕಟ್ಟಳೆಯನ್ನು ತಾನೇ ತಿದ್ದಿಕೊಳ್ಳುವುದು ಸರಕಾರಕ್ಕೆ ಅವಮಾನವಲ್ಲ.

ಹಾಗಾದರೆ ನಾಳೆಯೇ ಎಲ್ಲೆಡೆಯೂ ಬೆಂಕಿಯಿಡೋಣವೆ ಎಂದು ತಾವು ಕೇಳಬಹುದು. ಖಂಡಿತ ಕೂಡದು. ನಿತ್ಯಹರಿದ್ವರ್ಣದ ಕಾಡಿಗೂ ಶೋಲೆಗೂ ಬೆಂಕಿಯು ಮೃತ್ಯುವೇ ಸರಿ. ಲಂಟಾನ ತುಂಬಿದ ಕಡೆ ಮೊದಲು ಅದನ್ನು ಕಿತ್ತು ತೆಗೆಯದೆ ಕಿಚ್ಚಿಟ್ಟರೆ ಅನಾಹುತವಾದೀತು. ದ್ವೇಷದಿಂದಲೋ ಅಜಾಗ್ರತೆಯಿಂದಲೋ ಕಡುಬೇಸಗೆಯಲ್ಲಿ ಕಾಡು ಸುಡುವವನಿಗೆ ಶಿಕ್ಷೆಯಾಗಲೇಬೇಕು. ಅರಣ್ಯಾಧಿಕಾರಿಗಳ ಭಯವು ನಿರಾಧಾರವಾದುದಲ್ಲ. ಆದರೆ ಬೆಂಕಿಗಳೆಲ್ಲವೂ ಒಂದೇ ಎಂದು ಬಗೆಯುವ ಕಾಯಿದೆಯು, ಕಾಡನ್ನು ಬಲ್ಲವನನ್ನೂ ಕಾಡಿನ ಶತ್ರುವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಆದುದರಿಂದ ನನ್ನ ಅರಿಕೆಯಿಷ್ಟು. 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕಿನ ಪತ್ರಗಳು ದೊರೆತಿವೆ. ಹಕ್ಕನ್ನು ಕೊಟ್ಟ ಸರಕಾರವು ಅವರ ತಿಳಿವಳಿಕೆಗೂ ಬೆಲೆ ಕೊಡಲಿ. ಯಾವ ಕಾಡಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ನೆಲವನ್ನು, ಯಾರ ಮೇಲ್ವಿಚಾರಣೆಯಲ್ಲಿ ಸುಡಬಹುದೆಂಬುದನ್ನು ಅಧಿಕಾರಿಗಳೂ ವಿಜ್ಞಾನಿಗಳೂ ಹಿರಿಯ ಸೋಲಿಗರೂ ಒಟ್ಟಿಗೆ ಕುಳಿತು ನಿಶ್ಚಯಿಸಲಿ. ಮೊದಲು ಸಣ್ಣ ತಾಣಗಳಲ್ಲಿ ಪರೀಕ್ಷಿಸಲಿ. ಬಂಡೀಪುರ, ಮುದುಮಲೆ, ವಯನಾಡುಗಳು ಸರಕಾರಗಳ ಲೆಕ್ಕದಲ್ಲಿ ಮೂರು, ಬೆಂಕಿಯ ಲೆಕ್ಕದಲ್ಲಿ ಒಂದೇ ಅಡವಿ; ಆ ಮೂರು ಸರಕಾರಗಳೂ ಈ ಆಲೋಚನೆಯಲ್ಲಿ ಕೂಡಲಿ.

ಉಪಾಧ್ಯಾಯ ಬಂಧುಗಳೇ, ಕಾಡಿನಂಚಿನ ಶಾಲೆಗಳಲ್ಲಿ ಪಾಠ ಹೇಳುವವರು ತಾವು. ಬೀಡಿಯ ಕಿಡಿಯನ್ನು ಎಸೆಯಬಾರದೆಂದು ಮಕ್ಕಳಿಗೆ ಕಲಿಸಿರಿ. ಅದರೊಡನೆ, ಅವರ ಅಜ್ಜನು ಯಾವ ತಿಂಗಳಲ್ಲಿ ತರಗಿಗೆ ಕಿಚ್ಚಿಡುತ್ತಿದ್ದನು, ಏಕೆ ಇಡುತ್ತಿದ್ದನು ಎಂಬುದನ್ನು ಕೇಳಿ ಬರೆದುಕೊಂಡು ಬರಹೇಳಿರಿ. ಬಲ್ಲವರು ಇನ್ನು ಕೆಲವರೇ ಉಳಿದಿದ್ದಾರೆ. ಅವರೊಡನೆ ಆ ವಿದ್ಯೆಯೂ ಹೋದರೆ, ಮುಂದೆ ಸರಕಾರಕ್ಕೆ ಬುದ್ಧಿ ಬಂದರೂ ಕೇಳಲು ಯಾರೂ ಇರಲಾರರು.